ಕೌಂಟರಿನ ಹೊತ್ತನ್ನು ಮಳೆಗಾಲದಲ್ಲೂ ಅಳೆಯಿರಿ

ಸಂಪಾದಕರಿಗೆ ನಮಸ್ಕಾರ.

ಒಂದು ಪೋಸ್ಟ್ ಕಾರ್ಡಿನಿಂದ ಅಂಚೆ ಇಲಾಖೆಗೆ ಬರೋದು 50 ಪೈಸೆ, ಅದಕ್ಕೆ ಆಗೋ ಖರ್ಚು 12 ರೂಪಾಯಿ 15 ಪೈಸೆ. ಹೀಗಿರುವಾಗ ಹಳ್ಳಿಗಳಲ್ಲಿ ಪೋಸ್ಟಾಫೀಸು ಯಾಕೆ ಬೇಕು? ಈ ಪ್ರಶ್ನೆ ಓದುಗರ ಪತ್ರಗಳಲ್ಲಿ, ಮದುವೆಮನೆಯ ಹರಟೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಕೇಳುತ್ತಿರುತ್ತದೆ. ಆ ಅಂಕಿ ಯಾರೋ ಹುಟ್ಟಿಸಿದ್ದಲ್ಲ. ಇಲಾಖೆಯದೇ ಲೆಕ್ಕದಿಂದ ಬಂದದ್ದು. 2019ರ ಸುಮಾರಿಗೆ ಪೇಪರುಗಳಲ್ಲೆಲ್ಲ ಬಂತು, ಆಮೇಲೆ ಜನರ ಬಾಯಲ್ಲಿ ಕೂತುಬಿಟ್ಟಿತು. ನಾನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಪೋಸ್ಟಲ್ ಅಸಿಸ್ಟೆಂಟ್ ಆಗಿ ಕೌಂಟರಿನಲ್ಲಿ ಕೂತು, ಕೊನೆಗೆ ಒಂದು ಸಣ್ಣ ಆಫೀಸಿನಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಳಾದವಳು. ಕಾರ್ಡಿನ ಬೆಲೆ ಏರಿಸಬೇಕೋ ಬೇಡವೋ ಅನ್ನೋದು ಬೇರೆ ಮಾತು. ನಾನು ಕೇಳೋದು ಇಷ್ಟೇ: ಈ ಖರ್ಚನ್ನು, ಅದರಲ್ಲೂ ಕೌಂಟರಿನ ಖರ್ಚನ್ನು, ನೀವು ಅಳೆಯೋದು ಹೇಗೆ?

ಒಂದು ಸಣ್ಣ ಲೆಕ್ಕ ಹಾಕೋಣ. ಕೌಂಟರ್ ತೆರೆದಿಡಲು ಸಂಬಳ, ಬಾಡಿಗೆ, ಕರೆಂಟು, ನೆಟ್‌ವರ್ಕ್ ಎಲ್ಲ ಸೇರಿ ದಿನಕ್ಕೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 200 ಕೆಲಸ ಆದರೆ ಒಂದಕ್ಕೆ 10 ರೂಪಾಯಿ ಬೀಳುತ್ತದೆ. ಊರಿನ ಮಕ್ಕಳೆಲ್ಲ ಬೆಂಗಳೂರು ಸೇರಿ, ಕಾಗದ ಬರೆಯೋರು ಕಮ್ಮಿಯಾಗಿ, ಕೆಲಸ 50ಕ್ಕೆ ಇಳಿದರೆ ಒಂದಕ್ಕೆ 40 ರೂಪಾಯಿ. ಕೌಂಟರಿನಲ್ಲಿ ಕೂತವರು ಸೋಮಾರಿಗಳಾಗಿಲ್ಲ. ಸೀಲು ಹೊಡೆಯಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದಿಲ್ಲ. ಆದರೂ ಕಾಗದದ ಮೇಲೆ ಖರ್ಚು ನಾಲ್ಕು ಪಟ್ಟಾಯಿತು. ಈಗ ಹೇಳಿ, ನಾಳೆ ಅದೇ ಆಫೀಸಿಗೆ ಹತ್ತು ಕಾರ್ಡು ಹೆಚ್ಚಿಗೆ ಬಂದರೆ ಇಲಾಖೆಗೆ 400 ರೂಪಾಯಿ ಹೊಸ ಖರ್ಚು ಬರುತ್ತದಾ? ಒಂದು ಪೈಸೆಯೂ ಬರೋದಿಲ್ಲ. ಬಾಗಿಲು ತೆರೆದಿರುವ ಖರ್ಚು ಒಂದು, ಇನ್ನೊಬ್ಬ ಗಿರಾಕಿ ಬಂದಾಗ ಹೆಚ್ಚಾಗುವ ಖರ್ಚು ಇನ್ನೊಂದು. ಎರಡನ್ನೂ ಕೂಡಿಸಿ ಕಾರ್ಡಿನ ತಲೆಗೆ ಕಟ್ಟಿದರೆ ಕಾರ್ಡು 12 ರೂಪಾಯಿ ಆಗದೆ ಇನ್ನೇನಾಗುತ್ತದೆ?

ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಫೀಸಿನ ಕೆಲಸವನ್ನು ಅಳೆಯಲು ಮರೆವಾಡ್ ಟೈಮ್ ಟೆಸ್ಟ್ ಅಂತ ಒಂದಿತ್ತು. ಹಳೆಯ ನೌಕರರಿಗೆಲ್ಲ ಈ ಹೆಸರು ಗೊತ್ತು. ಒಂದು ರಿಜಿಸ್ಟರ್ ಬುಕ್ ಮಾಡಲು ಇಷ್ಟು ನಿಮಿಷ, ಒಂದು ಮನಿಯಾರ್ಡರಿಗೆ ಇಷ್ಟು, ಒಂದು ಉಳಿತಾಯ ಖಾತೆಯ ವ್ಯವಹಾರಕ್ಕೆ ಇಷ್ಟು. ಎಷ್ಟು ಆಯಿತೋ ಅಷ್ಟರಿಂದ ಗುಣಿಸಿ, ಕೂಡಿಸಿ, ಈ ಆಫೀಸಿಗೆ ಎಷ್ಟು ಜನ ಬೇಕು ಅಂತ ತೀರ್ಮಾನ ಆಗುತ್ತಿತ್ತು. ಕೈಯಲ್ಲಿ ರಶೀದಿ ಬರೆದು, ಕಾರ್ಬನ್ ಇಟ್ಟು, ತಕ್ಕಡಿಯಲ್ಲಿ ತೂಗಿ ಕೊಡುವ ಕಾಲಕ್ಕೆ ಅದು ಪರವಾಗಿಲ್ಲ. ಯಾಕೆಂದರೆ ಆಗ ಕೆಲಸವೂ ಹಾಗೇ ಇತ್ತು. ಒಂದು ರಿಜಿಸ್ಟರಿಗೂ ಇನ್ನೊಂದಕ್ಕೂ ಹಿಡಿಯುವ ಹೊತ್ತಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಕೋರ್ ಬ್ಯಾಂಕಿಂಗ್ ಬಂತು. 2018ರ ಸೆಪ್ಟೆಂಬರ್ 1ಕ್ಕೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಶುರುವಾಯಿತು. ಅದು ಬೇರೆಯೇ ಕಂಪನಿ, ಆದರೆ ಹಳ್ಳಿಯಲ್ಲಿ ಅದರ ಕೆಲಸ ಮಾಡೋರು ನಮ್ಮ ಪೋಸ್ಟಿನವರೇ. ಆಧಾರ್ ತಿದ್ದುಪಡಿಯೂ ಎಷ್ಟೋ ಪೋಸ್ಟಾಫೀಸುಗಳ ಕೌಂಟರಿಗೆ ಬಂತು. 2025ರಲ್ಲಿ ಮತ್ತೆ ಹೊಸ ತಂತ್ರಾಂಶ, ಅದರ ಜೊತೆಗೆ ಯುಪಿಐ. ಅದೇ ವರ್ಷ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿಬಿಟ್ಟರು. ಈಗ ಸ್ಪೀಡ್ ಪೋಸ್ಟಿಗೇ ರಿಜಿಸ್ಟ್ರೇಷನ್ ಬೇಕಾದರೆ ಬೇರೆ ದುಡ್ಡು, ಒಟಿಪಿ ತೋರಿಸಿದರೆ ಮಾತ್ರ ಬಟವಾಡೆ ಆಗಬೇಕು ಅಂದರೆ ಅದಕ್ಕೆ ಬೇರೆ. ಕೌಂಟರಿನವರು ಇದನ್ನೆಲ್ಲ ಪ್ರತಿಯೊಬ್ಬರಿಗೂ ಹೇಳಬೇಕು. 'ರಿಜಿಸ್ಟರ್ ಅಂದ್ರೆ ರಿಜಿಸ್ಟರೇ ಕಣಮ್ಮ, ಸ್ಪೀಡ್ ಗೀಡ್ ಎಲ್ಲ ಬ್ಯಾಡ' ಅನ್ನೋ ಗೌಡರಿಗೆ ಎರಡು ಸಲ ಹೇಳಬೇಕು. ಕಾನೂನೂ ಬದಲಾಯಿತು: 1898ರ ಕಾಯ್ದೆ ಹೋಗಿ 2023ರ ಕಾಯ್ದೆ ಬಂತು. ಇಷ್ಟೆಲ್ಲ ಆದರೂ ಕೆಲಸ ಅಳೆಯುವ ರೀತಿಯ ಬೆನ್ನೆಲುಬು ಮಾತ್ರ ಹಳೆಯದೇ. ಎಷ್ಟು ವ್ಯವಹಾರ, ತಲಾ ಎಷ್ಟು ನಿಮಿಷ, ಗುಣಿಸಿ.

ಈ ಗುಣಾಕಾರ ಎಲ್ಲಿ ಕೈಕೊಡುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೀಪಾವಳಿ ಕಳೆಯಿತು ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲಿನ ಭರಾಟೆ. ಹೆಂಗಸರು ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಬೆರಳಿಗೆ ಅಡಿಕೆಯ ಚೊಗರು ಹಿಡಿದು ಕಪ್ಪಾಗುತ್ತದೆ, ಚರ್ಮ ಸವೆದು ಸೀಳು ಬಿಡುತ್ತದೆ. ಅದೇ ಬೆರಳು ತಂದು ಪೋಸ್ಟಾಫೀಸಿನ ಮಷೀನಿನ ಮೇಲೆ ಇಟ್ಟರೆ ಅದು ಒಪ್ಪೋದಿಲ್ಲ. ಒಂದು ಸಲ ಒತ್ತಿ, ಇಲ್ಲ. ಒರೆಸಿ ಒತ್ತಿ, ಇಲ್ಲ. ಬೇರೆ ಬೆರಳು. ಕೊಬ್ಬರಿ ಎಣ್ಣೆ ಸವರಿ ನೋಡೋಣ ಅಂತ ಪಕ್ಕದಲ್ಲಿ ನಿಂತವರ ಸಲಹೆ. ಕಡೆಗೆ ಎಡಗೈ ಉಂಗುರದ ಬೆರಳು ಒಪ್ಪಿದರೆ ಪುಣ್ಯ, ಗೃಹಲಕ್ಷ್ಮಿಯ 2,000 ರೂಪಾಯಿ ಕೈಗೆ ಬರುತ್ತದೆ. ಒಪ್ಪದಿದ್ದರೆ 'ನಾಳೆ ಬನ್ನಿ ಅಕ್ಕ' ಅಂತ ಕಳಿಸಬೇಕು. ಅರ್ಧ ಗಂಟೆ ಹೋಗಿರುತ್ತದೆ. ದಿನದ ಲೆಕ್ಕದಲ್ಲಿ ಮೊದಲನೆಯದು ಒಂದು ವ್ಯವಹಾರ. ಎರಡನೆಯದು ಸೊನ್ನೆ. ಆ ಹೊತ್ತಿನ ಸಂಬಳ ಮಾತ್ರ ಎಲ್ಲೋ ಒಂದು ಕಡೆ ಬೀಳಲೇಬೇಕಲ್ಲ? ಅದು ಹೋಗಿ ಆವತ್ತು ಆದ ಉಳಿದ ಕೆಲಸಗಳ ಮೇಲೆ ಹಂಚಿಹೋಗುತ್ತದೆ. ಹಾಗೆ ಬಡ ಪೋಸ್ಟ್ ಕಾರ್ಡು ಇನ್ನಷ್ಟು ದುಬಾರಿಯಾಗುತ್ತದೆ. (ಈಗ ಮುಖ ತೋರಿಸಿ ದುಡ್ಡು ತೆಗೆಯುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯದೇ. ಆದರೆ ಅದಕ್ಕೂ ನೆಟ್‌ವರ್ಕ್ ಬೇಕು, ನೆಟ್‌ವರ್ಕಿನ ಕಥೆ ಮುಂದೆ ಹೇಳುತ್ತೇನೆ.)

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. ಆರ್‌ಡಿ ಏಜೆಂಟ್ ಹೆಣ್ಣುಮಕ್ಕಳು, ತಿಂಗಳು ತಿಂಗಳು ಕಟ್ಟುವ ಈ ಉಳಿತಾಯ ಖಾತೆಗಳಿಗೆ, ಮನೆ ಮನೆಯಿಂದ ದುಡ್ಡು ಕೂಡಿಸಿ ತಂದು ಕಟ್ಟುತ್ತಾರೆ. ಪಟ್ಟಿಯನ್ನು ಆನ್‌ಲೈನಿನಲ್ಲಿ ಅವರೇ ಮಾಡಿಕೊಂಡು ಬಂದಿರುತ್ತಾರೆ. ಕೌಂಟರಿನಲ್ಲಿ ಪಟ್ಟಿ ನೋಡಿ, ದುಡ್ಡು ಎಣಿಸಿ, ಒಪ್ಪಿಕೊಂಡರೆ ಆಯಿತು. ಒಂದೇ ಪಟ್ಟಿಯಲ್ಲಿ ಹತ್ತಾರು ಖಾತೆ. ಒಬ್ಬರೇ ಗಿರಾಕಿ, ಒಂದೇ ಸಲ ನಮಸ್ಕಾರ, ಒಂದೇ ಸಲ ನೋಟು ಎಣಿಕೆ. ಆದರೆ ಖಾತೆ ಲೆಕ್ಕ ಹಿಡಿದರೆ ಹತ್ತಾರು ಕೆಲಸ. ಇಂಥ ಏಜೆಂಟರು ಜಾಸ್ತಿ ಇರುವ ಪೇಟೆ ಆಫೀಸು ಭಾರಿ ಚುರುಕು ಅನ್ನಿಸುತ್ತದೆ. ಬೆರಳು ಒಪ್ಪದ ಹೆಂಗಸರು ಜಾಸ್ತಿ ಬರುವ ಹಳ್ಳಿ ಆಫೀಸು ದಂಡಕ್ಕೆ ಇದೆ ಅನ್ನಿಸುತ್ತದೆ. ಎರಡೂ ಕಡೆ ಕೂತು ಕೆಲಸ ಮಾಡಿದ್ದೇನೆ. ಯಾವ ಕುರ್ಚಿಯಲ್ಲಿ ಬೆನ್ನು ಜಾಸ್ತಿ ನೋಯುತ್ತಿತ್ತು ಅಂತ ನನಗೆ ಗೊತ್ತು.

ಪಾರ್ಸೆಲ್ಲಿನದು ಇನ್ನೊಂದು ತರ. ಇಲಾಖೆ ನಾಲ್ಕು ಕಾಸು ನೋಡಬೇಕಾದದ್ದು ಈಗ ಪಾರ್ಸೆಲ್ಲಿನಲ್ಲೇ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ನಮ್ಮ ಕಡೆಯಿಂದ ಬೆಂಗಳೂರಿನ ಮಕ್ಕಳಿಗೆ ಏನೇನು ಹೋಗುತ್ತದೆ ಅಂತ ನಿಮಗೆ ಗೊತ್ತಲ್ಲ. ಹಪ್ಪಳ, ಸಂಡಿಗೆ, ಒಣಗಿಸಿದ ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಡಬ್ಬಿ ಕೌಂಟರಿಗೆ ಬಂತು ಅಂದರೆ ನನಗೆ ಈಗಲೂ ಎದೆ ಧಸಕ್ ಅನ್ನುತ್ತದೆ. ಮುಚ್ಚಳ ಬಿಗಿಯಾಗಿದೆಯಾ, ಮೇಲೆ ಪ್ಲಾಸ್ಟಿಕ್ ಸುತ್ತಿದ್ದಾರಾ, ಬೇರೆಯವರ ಕಾಗದಕ್ಕೆ ಎಣ್ಣೆ ಇಳಿಯೋದಿಲ್ಲ ತಾನೆ ಅಂತ ನೋಡಬೇಕು. ಸರಿಯಿಲ್ಲದಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸಬೇಕು. ವಿಳಾಸದಲ್ಲಿ ಪಿನ್ ಕೋಡ್ ಇರೋದಿಲ್ಲ, ಫೋನ್ ಮಾಡಿ ಕೇಳಿಸಬೇಕು. ಹೊತ್ತು ತಿನ್ನೋದು ಇದು. ಇದರ ಹೊತ್ತನ್ನು ಪಾರ್ಸೆಲ್ಲಿನ ಲೆಕ್ಕಕ್ಕೇ ಸರಿಯಾಗಿ ಹಾಕದೆ ಎಲ್ಲದಕ್ಕೂ ಸರಾಸರಿ ಹಂಚಿದರೆ ಏನಾಗುತ್ತದೆ? ಪಾರ್ಸೆಲ್ ಅಗ್ಗ ಅನ್ನಿಸುತ್ತದೆ, ಕಾಗದ ತುಟ್ಟಿ ಅನ್ನಿಸುತ್ತದೆ. ದರ ಇಡೋರು ಆ ಲೆಕ್ಕ ನೋಡಿಕೊಂಡೇ ದರ ಇಡುತ್ತಾರೆ. ಪಾರ್ಸೆಲ್ ಕಳಿಸೋರ ಖರ್ಚನ್ನು ಕಾಗದ ಬರೆಯೋರು ಹೊತ್ತ ಹಾಗೆ ಆಗುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ ಅಂತ ಶಾಲೆ ಪುಸ್ತಕದಲ್ಲಿ ಓದೋದು ಚಂದ. ಅದೇ ಮಳೆಯಲ್ಲಿ ಮರ ಬಿದ್ದು ಲೈನ್ ಹೋಗಿ, ಯುಪಿಎಸ್ ಸದ್ದು ಮಾಡಿ ಮಾಡಿ ಸುಮ್ಮನಾಗಿ, ನೆಟ್‌ವರ್ಕ್ ಇಲ್ಲದೆ ಕೂರೋದು ಬೇರೆ. ಕೌಂಟರ್ ತೆರೆದಿರುತ್ತದೆ. ಜನ ಕೊಡೆ ಮಡಚಿ ಬೆಂಚಿನ ಮೇಲೆ ಕೂತಿರುತ್ತಾರೆ, ಕೆಲವರು ಮೊದಲ ಬಸ್ಸಿಗೆ ಬಂದವರು. ನೌಕರರೂ ಕೂತಿರುತ್ತಾರೆ. ಒಬ್ಬರಿಗೂ ಕೆಲಸ ಆಗೋದಿಲ್ಲ. ಈ ಹೊತ್ತು ಯಾವ ಬಾಬ್ತಿಗೆ ಸೇರಬೇಕು? ಕಾರ್ಡಿಗಾ, ಆರ್‌ಡಿಗಾ, ಪಾರ್ಸೆಲ್ಲಿಗಾ? ಯಾವುದಕ್ಕೂ ಅಲ್ಲ. ಅದು ಈ ಜಾಗದಲ್ಲಿ ಪೋಸ್ಟಾಫೀಸು ಇಟ್ಟಿರುವ ಖರ್ಚು, ಹಾಗಂತಲೇ ಬರೆದಿಡಬೇಕು. ಕೆಲಸ ಪರಿಶೀಲಿಸಲು ಮೇಲಿನವರು ಬರುತ್ತಿದ್ದದ್ದು ನಾನು ಕಂಡಂತೆ ಹೆಚ್ಚಾಗಿ ಬೇಸಿಗೆಯಲ್ಲಿ. ರಸ್ತೆ ಒಣಗಿರುತ್ತದೆ, ದಾರಿಯಲ್ಲಿ ಸಿಗಂದೂರಿಗೋ ಆಗುಂಬೆಯ ಸೂರ್ಯಾಸ್ತಕ್ಕೋ ಹೋಗಿ ಬರಬಹುದು. ಅವರನ್ನು ದೂರುತ್ತಿಲ್ಲ, ನಾನಾಗಿದ್ದರೂ ಏಪ್ರಿಲ್‌ನಲ್ಲೇ ಬರುತ್ತಿದ್ದೆ.

ಬ್ರಾಂಚ್ ಪೋಸ್ಟಾಫೀಸುಗಳ ವಿಷಯಕ್ಕೆ ಬಂದರೆ ಈ ಅಳತೆ ಬರೀ ಪುಸ್ತಕದ ಲೆಕ್ಕವಾಗಿ ಉಳಿಯೋದಿಲ್ಲ. ದೇಶದಲ್ಲಿ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಪೋಸ್ಟಾಫೀಸುಗಳಿವೆ, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ. ಅವುಗಳಲ್ಲಿ ಬಹುಪಾಲು ಗ್ರಾಮೀಣ ಡಾಕ್ ಸೇವಕರು ನಡೆಸುವ ಬ್ರಾಂಚ್‌ಗಳು. ಮೊದಲು ಅವರ ಕೆಲಸವನ್ನು ಪಾಯಿಂಟ್ ಲೆಕ್ಕದಲ್ಲಿ ಅಳೆಯುತ್ತಿದ್ದರು. ಈ ಸೇವಕರ ಸಂಬಳ, ಕೆಲಸ ಪರಿಶೀಲಿಸಲು ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿ ವರದಿ ಕೊಟ್ಟ ಮೇಲೆ, 2018ರ ಜುಲೈ 1ರಿಂದ, ದಿನಕ್ಕೆ ನಾಲ್ಕು ಗಂಟೆ ಮತ್ತು ಐದು ಗಂಟೆ ಅಂತ ಎರಡೇ ಮಟ್ಟ ಮಾಡಿದರು. ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ ಶುರುವಿನಲ್ಲಿ ತಿಂಗಳಿಗೆ ಕ್ರಮವಾಗಿ 12,000 ಮತ್ತು 14,500 ರೂಪಾಯಿ, ಜೊತೆಗೆ ಭತ್ಯೆ. ಆಫೀಸಿಗೆ ಜಾಗವನ್ನೂ ಅವರೇ ಹೊಂದಿಸಿಕೊಳ್ಳಬೇಕು. ನಮ್ಮ ಕಡೆ ಎಷ್ಟೋ ಬ್ರಾಂಚ್‌ಗಳು ಮನೆಯ ಜಗುಲಿಯಲ್ಲೇ ನಡೆಯುತ್ತವೆ.

ಬ್ರಾಂಚ್ ತೆರೆಯಲು ಇಲಾಖೆಯದೇ ನಿಯಮ ಇದೆ. ಸಾಮಾನ್ಯ ಹಳ್ಳಿಗಾಡಿನಲ್ಲಾದರೆ ಆಫೀಸಿನ ಆದಾಯ ಖರ್ಚಿನ ಮೂರನೇ ಒಂದು ಭಾಗಕ್ಕಾದರೂ ಬರಬೇಕು. ಗುಡ್ಡಗಾಡು, ಬುಡಕಟ್ಟು ಪ್ರದೇಶ, ಮರುಭೂಮಿ, ಸುಲಭವಾಗಿ ಹೋಗಲಾಗದ ಜಾಗಗಳಲ್ಲಾದರೆ ನೂರಕ್ಕೆ 15 ಬಂದರೆ ಸಾಕು. ಅಂದರೆ ನಷ್ಟ ಆಗಿಯೇ ಆಗುತ್ತದೆ ಅಂತ ಒಪ್ಪಿಕೊಂಡೇ ಸರ್ಕಾರ ಈ ಆಫೀಸುಗಳನ್ನು ಇಟ್ಟಿದೆ. ನಷ್ಟ ನಷ್ಟ ಅಂತ ಬೊಬ್ಬೆ ಹೊಡೆಯೋರು ಈ ನಿಯಮ ಒಮ್ಮೆ ಓದಬೇಕು. ಆದರೆ ನನ್ನ ಪ್ರಶ್ನೆ ಅದಕ್ಕೂ ಮುಂದಿನದು. ನೂರಕ್ಕೆ 15 ಅಥವಾ 33 ಅಂತ ಭಾಗಿಸಬೇಕಾದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಸರಿ ಇರಬೇಕಲ್ವಾ? ಬೆರಳು ಒಪ್ಪದ ಅರ್ಧ ಗಂಟೆ ಖರ್ಚಿನಲ್ಲಿ ಸೇರಿದೆ, ಕೆಲಸದಲ್ಲಿ ಸೇರಿಲ್ಲ. ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದುಕೊಟ್ಟ ಹೊತ್ತಿಗೆ ಪೋಸ್ಟಾಫೀಸಿನ ಹೆಸರಿಗೆ ಎಷ್ಟು ಬರೆಯಬೇಕು? ಒಂದೇ ಕೈ ಎರಡು ಸಂಸ್ಥೆಯ ಕೆಲಸ ಮಾಡುವಾಗ ಆ ಹೊತ್ತನ್ನು ಎರಡು ಪಾಲು ಮಾಡದೆ ಬೇರೆ ದಾರಿಯಿಲ್ಲ. ಉಳಿತಾಯ ಖಾತೆಗಳ ವಿಷಯದಲ್ಲಂತೂ ಹಣಕಾಸು ಸಚಿವಾಲಯ ಇಲಾಖೆಗೆ ಖಾತೆಗೆ ಇಷ್ಟು ಅಂತ ಕೊಡುತ್ತದೆ. ಒಂದು ಖಾತೆಗೆ ಕೌಂಟರಿನಲ್ಲಿ ನಿಜವಾಗಿ ಎಷ್ಟು ಹೊತ್ತು ಹೋಗುತ್ತದೆ ಅಂತ ಗಟ್ಟಿ ಲೆಕ್ಕ ಇಲ್ಲದಿದ್ದರೆ ಆ ದರ ಸಾಕಾ ಸಾಲದಾ ಅಂತ ವಾದ ಮಾಡೋದು ಯಾವ ಬಲದ ಮೇಲೆ?

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ನಿವೃತ್ತಿಯಾದ ಮೇಲೆ ಕುತೂಹಲಕ್ಕೆ ಓದಿದೆ. ಅಮೆರಿಕದ ಅಂಚೆ ಸೇವೆ ತನ್ನ ದಿನನಿತ್ಯದ ಖರ್ಚನ್ನು ಹೆಚ್ಚುಕಮ್ಮಿ ಪೂರ್ತಿ ತಾನೇ ಸಂಪಾದಿಸಿಕೊಳ್ಳಬೇಕು, ತೆರಿಗೆ ದುಡ್ಡಿನ ಆಸರೆ ಇಲ್ಲ. ಹಾಗಾಗಿ ಯಾವ ಸೇವೆಗೆ ಎಷ್ಟು ಖರ್ಚು ಅನ್ನೋದು ಅಲ್ಲಿ ಹುಡುಗಾಟದ ವಿಷಯ ಅಲ್ಲ. 2006ರ ಕಾನೂನಿನ ಪ್ರಕಾರ ಅಂಚೆ ನಿಯಂತ್ರಣ ಆಯೋಗ ಅಂತ ಐದು ಸದಸ್ಯರ ಬೇರೆಯೇ ಸಂಸ್ಥೆ ಇದೆ. ಖರ್ಚು ಅಳೆಯುವ ರೀತಿಯನ್ನು ಬದಲಾಯಿಸಬೇಕಾದರೆ ಅಂಚೆ ಸೇವೆ ಆ ಆಯೋಗದ ಮುಂದೆ ಪ್ರಸ್ತಾವ ಇಡಬೇಕು. ಜನರು, ವ್ಯಾಪಾರಿಗಳು, ಎದುರಾಳಿ ಕಂಪನಿಗಳು ಕೂಡ ಅದರ ಮೇಲೆ ಅಭಿಪ್ರಾಯ ಬರೆಯಬಹುದು. ಆ ಕಾಗದಗಳನ್ನು ಯಾರು ಬೇಕಾದರೂ ಓದಬಹುದು, ನನ್ನಂಥವಳು ತೀರ್ಥಹಳ್ಳಿಯಲ್ಲಿ ಕೂತು ಓದುವ ಹಾಗೆ.

ಅಲ್ಲಿ ಕೌಂಟರಿನ ಹೊತ್ತನ್ನು ತಿಳಿಯಲು ಒಂದು ದಾರಿ ಮಾದರಿ ಸಮೀಕ್ಷೆ. ಯಾವ ನೌಕರ, ಯಾವ ಹೊತ್ತು ಅಂತ ಚೀಟಿ ಎತ್ತಿದ ಹಾಗೆ ಆರಿಸಿ, ಆ ಗಳಿಗೆಯಲ್ಲಿ ಅವರು ಏನು ಮಾಡುತ್ತಿದ್ದರು ಅಂತ ಬರೆದುಕೊಳ್ಳುತ್ತಾರೆ. ಸ್ಟಾಂಪ್ ಮಾರುತ್ತಿದ್ದರಾ, ಪಾರ್ಸೆಲ್ ತೂಗುತ್ತಿದ್ದರಾ, ಗಿರಾಕಿಗೆ ಕಾಯುತ್ತಿದ್ದರಾ. ವರ್ಷವಿಡೀ ಇಂಥ ಸಾವಿರಾರು ಗಳಿಗೆಗಳನ್ನು ಕೂಡಿಸಿದರೆ ಹೊತ್ತು ಎಲ್ಲಿ ಹೋಯಿತು ಅನ್ನೋದು ತಿಳಿಯುತ್ತದೆ. ಜೊತೆಗೆ ಕೌಂಟರಿನ ಕಂಪ್ಯೂಟರಿನಲ್ಲಿ ಪ್ರತಿ ವ್ಯವಹಾರವೂ ದಾಖಲಾಗುತ್ತದೆ. ಒಬ್ಬರೇ ಬಂದು ಸ್ಟಾಂಪೂ ತಗೊಂಡು ಪಾರ್ಸೆಲ್ಲೂ ಕಳಿಸಿದರೆ ಎರಡಕ್ಕೂ ಸೇರಿದ ಹೊತ್ತನ್ನು ಹೇಗೆ ಹಂಚಬೇಕು, ಗಿರಾಕಿ ಜಾಸ್ತಿಯಾದ ಹಾಗೆ ಕೌಂಟರಿನ ಖರ್ಚು ಅದೇ ಪ್ರಮಾಣದಲ್ಲಿ ಏರುತ್ತದಾ ಅಥವಾ ಕಮ್ಮಿ ಏರುತ್ತದಾ, ಇಂಥ ಪ್ರಶ್ನೆಗಳ ಮೇಲೆ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ವಾದ ಮಾಡಿದ್ದಾರೆ. ಒಂದು ಸೇವೆಯಿಂದಲೇ ಹುಟ್ಟಿದ ಖರ್ಚನ್ನು ಆ ಸೇವೆಗೆ ಹಾಕುತ್ತಾರೆ. ಹಾಗೆ ಬೆರಳು ಮಾಡಿ ತೋರಿಸಲಾಗದ ಖರ್ಚನ್ನು ಇಡೀ ಸಂಸ್ಥೆಯ ಖರ್ಚು ಅಂತ ಪಕ್ಕಕ್ಕಿಡುತ್ತಾರೆ. ಎಲ್ಲ ಸರಿಯಾಗಿದೆ ಅಂತಲ್ಲ, ಅಲ್ಲೂ ಅಂಚೆ ಸೇವೆ ನಷ್ಟದಲ್ಲೇ ಇದೆ. ಆದರೆ ನಷ್ಟ ಎಲ್ಲಿಂದ ಬಂತು ಅನ್ನೋ ಜಗಳ ಎಲ್ಲರ ಎದುರು ನಡೆಯುತ್ತದೆ.

ನಮ್ಮಲ್ಲಿ ಅಂಚೆಗೆ ಅಂಥ ಸ್ವತಂತ್ರ ನಿಯಂತ್ರಕರು ಇಲ್ಲ. ಫೋನಿಗೆ ಟ್ರಾಯ್ ಇದೆ, ಕರೆಂಟಿಗೆ ರಾಜ್ಯದಲ್ಲಿ ಕೆಇಆರ್‌ಸಿ ಇದೆ. ಕರೆಂಟಿನ ದರ ಏರಿಸುವ ಮೊದಲು ಬಹಿರಂಗ ವಿಚಾರಣೆ ನಡೆಯುತ್ತದೆ, ನಮ್ಮ ರೈತರೂ ಹೋಗಿ ಮಾತಾಡುತ್ತಾರೆ. ಪೋಸ್ಟಾಫೀಸಿಗೆ ಅದೆಲ್ಲ ನಾಳೆಯೇ ಬರಲಿ ಅಂತ ಕೇಳುತ್ತಿಲ್ಲ. ಈಗ ಇರುವ ವ್ಯವಸ್ಥೆಯಲ್ಲೇ ಆಗುವಂಥದ್ದನ್ನು ಕೇಳುತ್ತಿದ್ದೇನೆ. ಕೆಲಸಕ್ಕೆ ಕೂತ ಹೊತ್ತು, ಒಂದೊಂದು ರಶೀದಿ ಹುಟ್ಟಿದ ಹೊತ್ತು ಕಂಪ್ಯೂಟರಿನಲ್ಲೇ ಇರುತ್ತದೆ. ವಿಫಲವಾದ ಪ್ರಯತ್ನವನ್ನೂ ಕೆಲಸ ಅಂತ ಎಣಿಸಲಿ. ನೆಟ್‌ವರ್ಕ್ ಇಲ್ಲದ ಹೊತ್ತನ್ನು ಬೇರೆ ಕಾಲಂನಲ್ಲಿ ಹಾಕಲಿ. ಪೇಮೆಂಟ್ಸ್ ಬ್ಯಾಂಕು, ಆಧಾರ್, ಉಳಿತಾಯ, ಟಪ್ಪಾಲು ಇವುಗಳ ಹೊತ್ತನ್ನು ಬಿಡಿಸಿ ಬರೆಯಲಿ. ಬಾಗಿಲು ತೆರೆದಿಡುವ ಖರ್ಚನ್ನು ಪೋಸ್ಟ್ ಕಾರ್ಡಿನ ಮೇಲೆ ಹೇರದೆ, ಇದು ಹಳ್ಳಿಗೆ ಸೇವೆ ಮುಟ್ಟಿಸುವ ಖರ್ಚು ಅಂತ ಹೆಸರು ಹಿಡಿದು ತೋರಿಸಲಿ. ಅದನ್ನು ಕೊಡಬೇಕೋ ಬೇಡವೋ ಅಂತ ಸಂಸತ್ತು ತೀರ್ಮಾನಿಸಲಿ. ಮಲೆನಾಡಿನ ಯಾವ ಯಾವ ಬ್ರಾಂಚಿಗೆ ನೂರಕ್ಕೆ 15ರ ನಿಯಮ, ಯಾವುದಕ್ಕೆ ಮೂರನೇ ಒಂದರ ನಿಯಮ ಅನ್ನೋ ಪಟ್ಟಿಯನ್ನು ಆಯಾ ಆಫೀಸಿನ ಬೋರ್ಡಿನ ಮೇಲೆ ಅಂಟಿಸಲಿ. ಊರಿನವರಿಗೂ ಗೊತ್ತಿರಲಿ, ನಮ್ಮ ಪೋಸ್ಟಾಫೀಸು ಉಳಿಯಲು ಎಷ್ಟು ವ್ಯವಹಾರ ಬೇಕು ಅಂತ.

ಇಡೀ ರಾಜ್ಯಕ್ಕೆ ಒಮ್ಮೆಗೇ ಆಗದಿದ್ದರೆ ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಪೇಟೆ ಆಫೀಸು, ಒಂದು ಸಬ್ ಆಫೀಸು, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂದೊಂದು ಬ್ರಾಂಚ್ ಆರಿಸಿಕೊಂಡು ವರ್ಷಪೂರ್ತಿ ನೋಡಲಿ. ಮಳೆ ತಿಂಗಳೂ ಬರಲಿ, ಅಡಿಕೆ ತಿಂಗಳೂ ಬರಲಿ. ವಾಚು ಹಿಡಿದು ಕೂರಲು ಜನ ಸಾಲದಿದ್ದರೆ ನಮ್ಮಂಥ ನಿವೃತ್ತರನ್ನು ಕೇಳಲಿ, ಸಂಬಳ ಬೇಡ, ಮಧ್ಯಾಹ್ನ ಒಂದು ಲೋಟ ಕಾಫಿ ಕೊಟ್ಟರೆ ಸಾಕು. ಶುರು ಮಾಡೋದಾದರೆ ಜುಲೈನಲ್ಲೇ ಮಾಡಲಿ.

ಇಂತಿ,
ಒಬ್ಬ ನಿವೃತ್ತ ಸಬ್ ಪೋಸ್ಟ್‌ಮಾಸ್ಟರ್
ತೀರ್ಥಹಳ್ಳಿ